ಗಡ್ಡೆ ತೆಗೆದ ಮೇಲಿನ ಮೊದಲ ಗಂಟೆ

ಆಪರೇಷನ್ ಮಾಡಿದ ಸರ್ಜನ್ ಹೆಸರು ರೋಗಿಯ ಮನೆಮಂದಿಗೆಲ್ಲ ಗೊತ್ತಿರುತ್ತದೆ. ಕೀಮೋ ಕೊಟ್ಟ ಡಾಕ್ಟರನ್ನು ವರ್ಷಗಟ್ಟಲೆ ನೆನೆಯುತ್ತಾರೆ. ಈ ಇಬ್ಬರ ನಡುವೆ ಲ್ಯಾಬಿನವರು ಇರುತ್ತೇವೆ. ಸ್ತನದಿಂದ ತೆಗೆದ ಗಡ್ಡೆಯನ್ನು ಅಳೆದು, ಹೋಳು ಮಾಡಿ, ಮೇಣದಲ್ಲಿ ಕೂಡಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಗಾಜಿನ ಸ್ಲೈಡಿನ ಮೇಲೆ ಇಡುವವರು ನಾವು. ಆ ಹೆಂಗಸಿಗೆ ಯಾವ ಔಷಧ ನಾಟುತ್ತದೆ, ಕೀಮೋ ಬೇಕೋ ಬೇಡವೋ, ರೋಗ ಮರಳುವ ಭಯ ಎಷ್ಟು ಎನ್ನುವುದೆಲ್ಲ ಬಹುಮಟ್ಟಿಗೆ ಆ ಸ್ಲೈಡಿನಲ್ಲಿ ಕಾಣುವ ನಾಲ್ಕಾರು ಪ್ರೋಟೀನುಗಳ ಮೇಲೆ ನಿಂತಿದೆ. ಅವು ಸರಿಯಾಗಿ ಕಾಣಬೇಕಾದರೆ, ಗಡ್ಡೆ ಮೈಯಿಂದ ಹೊರಬಂದ ಮೊದಲ ಒಂದು ಗಂಟೆಯಲ್ಲಿ ಅದನ್ನು ಯಾರು ಹೇಗೆ ನೋಡಿಕೊಂಡರು ಎಂಬುದು ಮುಖ್ಯ. ರೋಗಿಗಳಿಗೆ ಇದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನನ್ನ ಊರು ಧಾರವಾಡ. ಮದುವೆಯಾಗಿ ಬಂದದ್ದು ವಡೋದರಾ ಮಗ್ಗುಲಿನ ಕೊಯಾಲಿಗೆ. ಯಜಮಾನರು ಅಲ್ಲಿನ ರಿಫೈನರಿಯಲ್ಲಿದ್ದರು. ಸೋವಿಯತ್ ನೆರವಿನಿಂದ ಕಟ್ಟಿದ ಆ ರಿಫೈನರಿ 1965ರಲ್ಲಿ ಶುರುವಾಯಿತು. ಅದರ ಆಸುಪಾಸಿನಲ್ಲೇ ಗೊಬ್ಬರದ ಕಾರ್ಖಾನೆ ಬಂತು, ಆಮೇಲೆ ಐಪಿಸಿಎಲ್ ಎಂಬ ಪೆಟ್ರೋಕೆಮಿಕಲ್ ಕಾರ್ಖಾನೆ ಬಂತು. ಈ ಕಾರ್ಖಾನೆಗಳಿಗೆ ದೇಶದ ಎಲ್ಲ ಕಡೆಯಿಂದ ಜನ ಬಂದರು. ಕನ್ನಡದ ಮನೆಗಳೂ ಬಂದವು. ಜವಾಹರನಗರದ ಟೌನ್‌ಶಿಪ್‌ನಲ್ಲಿ ಸಂಸಾರ ಹೂಡಿ, ಬಾಜವಾ, ಛಾಣಿ ದಾಟಿ ವಡೋದರಾ ಪಟ್ಟಣದ ಪೆಥಾಲಜಿ ಲ್ಯಾಬೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದೆ. ಹಿಸ್ಟೋಪೆಥಾಲಜಿ ಟೆಕ್ನಿಶಿಯನ್ ಎಂದು ನನ್ನ ಹುದ್ದೆಯ ಹೆಸರು. ಈಗ ನಿವೃತ್ತಳು. ಆದರೆ ಟೌನ್‌ಶಿಪ್‌ನಲ್ಲಿ ಯಾರ ಮನೆಗೆ ಬಯಾಪ್ಸಿ ರಿಪೋರ್ಟ್ ಬಂದರೂ ಅದು ಮೊದಲು ನನ್ನ ಮುಂದೆ ಬರುತ್ತದೆ. ಗುಜರಾತಿ ಹೆಂಗಸರು “ಬೆನ್, ಜರಾ ನೋಡಿ” ಎನ್ನುತ್ತಾರೆ, ನಮ್ಮವರು “ಅಕ್ಕಾರ” ಎನ್ನುತ್ತಾರೆ.

ಹಾವೇರಿ ಕಡೆಯ ಒಬ್ಬ ಹುಡುಗಿ ಹೀಗೇ ರಿಪೋರ್ಟ್ ಹಿಡಿದು ಬಂದಳು. ನಲವತ್ತೂ ದಾಟಿರಲಿಲ್ಲ. ಕೈ ನಡುಗುತ್ತಿತ್ತು.

“ಅಕ್ಕಾರ, ಇದರಾಗ ಪಾಸಿಟಿವ್ ಅಂತ ಎರಡ ಕಡೆ ಬರದಾರ. ರೋಗ ಭಾಳ ಏರೇತೇನ್ರಿ?”

“ಇಲ್ಲವಾ, ಇದು ಛಲೋ ಸುದ್ದಿ. ಮೊದಲ ಕೂಡು, ಹೇಳ್ತೀನಿ.”

ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಸ್ತನ ಕ್ಯಾನ್ಸರಿನ ರಿಪೋರ್ಟಿನಲ್ಲಿ ಗಡ್ಡೆಯ ಅಳತೆ, ಗ್ರೇಡ್, ಕಂಕುಳಿನ ಎಷ್ಟು ದುಗ್ಧಗ್ರಂಥಿಗಳಿಗೆ ರೋಗ ಹಬ್ಬಿದೆ ಎಂಬ ಎಣಿಕೆ ಇರುತ್ತವೆ. ಅದರ ಕೆಳಗೆ ನಾಲ್ಕು ಸಾಲು: ಇಆರ್, ಪಿಆರ್, ಹರ್-2, ಕೆಐ-67. ನಾಲ್ಕೂ ಪ್ರೋಟೀನುಗಳೇ. ಮೊದಲ ಎರಡು ಹಾರ್ಮೋನು ಬಂದು ಅಂಟಿಕೊಳ್ಳುವ ಪ್ರೋಟೀನುಗಳು, ಅಂದರೆ ಗ್ರಾಹಿಗಳು. ಒಂದು ಈಸ್ಟ್ರೊಜನ್‌ಗೆ, ಇನ್ನೊಂದು ಪ್ರೊಜೆಸ್ಟರಾನ್‌ಗೆ. ಇವು ಕ್ಯಾನ್ಸರ್ ಕೋಶದಲ್ಲಿ ಇದ್ದರೆ ಆ ಗಡ್ಡೆ ಹೆಣ್ಣಿನ ಮೈಯ ಹಾರ್ಮೋನನ್ನೇ ಉಂಡು ಬೆಳೆಯುತ್ತಿದೆ ಎಂದರ್ಥ. ಹಾರ್ಮೋನು ಅಲ್ಲಿಗೆ ತಲುಪದಂತೆ ತಡೆದರೆ ಗಡ್ಡೆಯ ಬೆಳವಣಿಗೆಗೂ ತಡೆ ಬೀಳುತ್ತದೆ. ಚಿಕಾಗೋದ ಎಲ್ವುಡ್ ಜೆನ್ಸೆನ್ 1950ರ ದಶಕದ ಕೊನೆಯಲ್ಲಿ ಈಸ್ಟ್ರೊಜನ್ ಗ್ರಾಹಿಯನ್ನು ಗುರುತಿಸಿದರು. ಅದಕ್ಕೆ ಅಡ್ಡ ಬರುವ ಟಮಾಕ್ಸಿಫೆನ್ ಗುಳಿಗೆಗೆ ಅಮೆರಿಕದಲ್ಲಿ 1977ರಲ್ಲಿ ಒಪ್ಪಿಗೆ ಸಿಕ್ಕಿತು. ಇಂದಿಗೂ ಅದು ಬಡವರ ಕೈಗೆ ಎಟಕುವ ಅಗ್ಗದ ಗುಳಿಗೆ. ಇಆರ್ ಪಾಸಿಟಿವ್ ಇದ್ದ ಹೆಂಗಸರು ಐದು ವರ್ಷ ಅದನ್ನು ತಪ್ಪದೆ ತೆಗೆದುಕೊಂಡರೆ, ಹದಿನೈದು ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನಿಂದ ಆಗುವ ಸಾವು ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. 2011ರಲ್ಲಿ ಆಕ್ಸ್‌ಫರ್ಡಿನವರು ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ ಕಂಡುಕೊಂಡ ಸಂಗತಿ ಇದು. ಇಆರ್ ನೆಗೆಟಿವ್ ಇದ್ದವರಿಗೆ ಅದೇ ಗುಳಿಗೆಯಿಂದ ಉಪಯೋಗವಿಲ್ಲ. ಇಷ್ಟು ದೊಡ್ಡ ವ್ಯತ್ಯಾಸ ಒಂದು ಪ್ರೋಟೀನಿನ ಇರವು ಇಲ್ಲವುಗಳಲ್ಲಿದೆ.

ಹಾವೇರಿಯ ಹುಡುಗಿಗೆ ಇಆರ್ ಆಲ್‌ರೆಡ್ ಸ್ಕೋರ್ 8ಕ್ಕೆ 8 ಬಂದಿತ್ತು. ಎಷ್ಟು ಪಾಲು ಕೋಶಗಳಿಗೆ ಬಣ್ಣ ಹಿಡಿದಿದೆ ಎಂಬುದಕ್ಕೆ 5ರವರೆಗೆ, ಬಣ್ಣ ಎಷ್ಟು ಗಾಢವಾಗಿದೆ ಎಂಬುದಕ್ಕೆ 3ರವರೆಗೆ ಅಂಕ ಕೊಟ್ಟು ಕೂಡಿಸುವ ಲೆಕ್ಕ ಅದು. ಕೆಲವು ಲ್ಯಾಬುಗಳು ಬರೀ ಶೇಕಡಾ ಬರೆಯುತ್ತವೆ. ನೂರಕ್ಕೆ ಒಂದು ಕೋಶಕ್ಕೆ ಬಣ್ಣ ಹಿಡಿದರೂ ಪಾಸಿಟಿವ್ ಎಂದೇ ಲೆಕ್ಕ. 1ರಿಂದ 10ರ ನಡುವೆ ಬಂದರೆ ಅದನ್ನು ‘ಕಡಿಮೆ ಪಾಸಿಟಿವ್’ ಎಂದು ಬೇರೆಯಾಗಿ ಬರೆಯಬೇಕೆಂದು 2020ರ ಅಮೆರಿಕದ ಮಾರ್ಗಸೂಚಿ ಹೇಳುತ್ತದೆ.

ಮೂರನೆಯದು ಹರ್-2. ಇದು ಕೋಶದ ಹೊರಪೊರೆಯ ಮೇಲೆ ಇರುವ ಪ್ರೋಟೀನು. ಸುಮಾರು ನೂರಕ್ಕೆ ಹದಿನೈದರಿಂದ ಇಪ್ಪತ್ತು ಗಡ್ಡೆಗಳಲ್ಲಿ ಮಿತಿಮೀರಿ ಇರುತ್ತದೆ. ಲಾಸ್ ಏಂಜಲಿಸಿನ ಡೆನಿಸ್ ಸ್ಲೇಮನ್ 1987ರಲ್ಲಿ, ಇದು ಹೆಚ್ಚಿದ್ದವರಿಗೆ ರೋಗ ಬೇಗ ಮರಳುತ್ತದೆ ಎಂದು ತೋರಿಸಿದರು. ಆಗ ಅದು ಬರೀ ಕೆಟ್ಟ ಸುದ್ದಿ. 1998ರಲ್ಲಿ ಅದೇ ಪ್ರೋಟೀನಿಗೆ ಗುರಿಯಿಟ್ಟ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಬಂತು. ಕೆಟ್ಟ ಸುದ್ದಿಯೇ ಚಿಕಿತ್ಸೆಯ ದಾರಿಯಾಯಿತು. ಆದರೆ ವರ್ಷಪೂರ್ತಿ ಕೊಡಬೇಕಾದ ಅದಕ್ಕೆ ಲಕ್ಷಗಟ್ಟಲೆ ಹಣ ಬೇಕಿತ್ತು. ಎಷ್ಟೋ ಹರ್-2 ಪಾಸಿಟಿವ್ ರಿಪೋರ್ಟುಗಳ ಸ್ಲೈಡು ಮಾಡುವಾಗ, ಈ ತಾಯಿಗೆ ಔಷಧ ಇದೆ, ಕೊಳ್ಳಲು ಆಗುವುದಿಲ್ಲ ಎಂದು ಗೊತ್ತಿದ್ದೇ ಕೆಲಸ ಮಾಡುತ್ತಿದ್ದೆವು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರದೇ ಸರಿಸಮಾನ ಔಷಧವನ್ನು ಭಾರತದಲ್ಲಿ ಮಾರಾಟಕ್ಕೆ ತಂದಿತು. ಟ್ರಾಸ್ಟುಜುಮಾಬಿನ ಇಂಥ ಪರ್ಯಾಯ ಜಗತ್ತಿನಲ್ಲಿ ಅದೇ ಮೊದಲು. ಅಂದು ಲ್ಯಾಬಿನಲ್ಲಿ ನನಗೆ ಆದ ಹೆಮ್ಮೆ ಇನ್ನೂ ಇದೆ.

ಹರ್-2 ಸಾಲಿನಲ್ಲಿ 0, 1+, 2+, 3+ ಎಂದು ಬರೆಯುತ್ತಾರೆ. 3+ ಎಂದರೆ ಪಾಸಿಟಿವ್. 0 ಮತ್ತು 1+ ಪಾಸಿಟಿವ್ ಅಲ್ಲ. (1+ ಬಂದವರೂ ಆ ಅಂಕಿಯನ್ನು ಮರೆಯಬಾರದು, ಹರ್-2 ಕಡಿಮೆ ಇರುವ, ಹಬ್ಬಿದ ರೋಗಕ್ಕೂ ಕೆಲಸ ಮಾಡುವ ಹೊಸ ಔಷಧದ ಫಲಿತಾಂಶ 2022ರಲ್ಲಿ ಬಂದಿದೆ.) ತೊಡಕು ಇರುವುದು 2+ ಬಂದಾಗ. 2+ ಉತ್ತರವೇ ಅಲ್ಲ. ಫಿಶ್ ಎಂಬ ಇನ್ನೊಂದು ಪರೀಕ್ಷೆಯಲ್ಲಿ ಆ ಪ್ರೋಟೀನಿನ ಜೀನ್ ಪ್ರತಿಗಳನ್ನು ಎಣಿಸಿದ ಮೇಲೇ ಉತ್ತರ ಸಿಗುವುದು. ಫಿಶ್‌ಗೆ ಖರ್ಚು ಹೆಚ್ಚು ಎಂದು ಅಲ್ಲಿಗೇ ಬಿಟ್ಟ ರಿಪೋರ್ಟುಗಳನ್ನು ಕಂಡಿದ್ದೇನೆ. ಹಾಗೆ ಬಿಡುವುದು ಸರಿಯಲ್ಲ. ಯಾರ ರಿಪೋರ್ಟಿನಲ್ಲಾದರೂ 2+ ಇದ್ದು ಫಿಶ್ ಆಗಿಲ್ಲವೆಂದರೆ ಅವರ ಪರೀಕ್ಷೆ ಅರ್ಧಕ್ಕೆ ನಿಂತಿದೆ.

ನಾಲ್ಕನೆಯ ಕೆಐ-67 ಕೋಶ ಒಡೆದು ಇಮ್ಮಡಿಯಾಗುವ ತಯಾರಿಯಲ್ಲಿ ಇರುವಾಗ ಕಾಣುವ ಪ್ರೋಟೀನು. ಜರ್ಮನಿಯ ಕೀಲ್ ನಗರದಲ್ಲಿ 1983ರಲ್ಲಿ ಗುರುತಿಸಿದ್ದು. ನೂರರಲ್ಲಿ ಎಷ್ಟು ಕೋಶ ಹೀಗೆ ಬಣ್ಣ ಹಿಡಿದಿವೆ ಎಂದು ಎಣಿಸಬೇಕು. 5ಕ್ಕಿಂತ ಕಡಿಮೆ ಇದ್ದರೆ ಗಡ್ಡೆ ನಿಧಾನದ್ದು, 30ಕ್ಕಿಂತ ಹೆಚ್ಚಿದ್ದರೆ ಓಟದ್ದು. ಇದರಲ್ಲಿ ಹೆಚ್ಚು ಜಗಳವಿಲ್ಲ. ನಡುವಿನ ಅಂಕಿಗಳನ್ನು ಮಾತ್ರ ಒಬ್ಬರು 14 ಎಂದರೆ ಇನ್ನೊಬ್ಬರು 22 ಎನ್ನುತ್ತಾರೆ, ಅದೂ ಒಂದೇ ಸ್ಲೈಡು ನೋಡಿ. ಆ ಒಂದು ಅಂಕಿಯನ್ನೇ ಹಿಡಿದು ಕೀಮೋ ನಿರ್ಧಾರ ಮಾಡಬಾರದು.

ಈ ಪ್ರೋಟೀನುಗಳು ಎರಡು ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂಬುದನ್ನು ಓದುಗರು ಗಮನಿಸಬೇಕು. ರೋಗ ಮರಳಬಹುದೇ ಎಂಬುದು ಒಂದು. ಯಾವ ಔಷಧ ನಾಟುತ್ತದೆ ಎಂಬುದು ಇನ್ನೊಂದು. ಕೆಐ-67 ಹೆಚ್ಚಾಗಿ ಮೊದಲ ಪ್ರಶ್ನೆಯನ್ನು ಮುಟ್ಟುತ್ತದೆ. ಇಆರ್, ಹರ್-2 ಎರಡನ್ನೂ ಮುಟ್ಟುತ್ತವೆ. ಮನೆಯವರು ಕೇಳುವುದು ಮಾತ್ರ ಯಾವಾಗಲೂ ಮೊದಲನೆಯದನ್ನೇ. ರೋಗಿಗೆ ಕೂಡಲೇ ಉಪಯೋಗಕ್ಕೆ ಬರುವುದು ಎರಡನೆಯದರ ಉತ್ತರ.

ಇನ್ನು ಲ್ಯಾಬಿನ ಒಳಗೆ ಬನ್ನಿ.

ಗಡ್ಡೆ ಹೊರಬಂದ ಗಳಿಗೆಯಿಂದ ಅದಕ್ಕೆ ರಕ್ತ ನಿಲ್ಲುತ್ತದೆ. ಆಗಿನಿಂದಲೇ ಒಳಗಿನ ಪ್ರೋಟೀನುಗಳು ಕೆಡತೊಡಗುತ್ತವೆ. ಕೆಡುವುದನ್ನು ನಿಲ್ಲಿಸುವುದು ಫಾರ್ಮಲಿನ್. ಅಂಗಡಿಯಲ್ಲಿ ಸಿಗುವ ಗಟ್ಟಿ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಹುಳಿಯೇರದಂತೆ ಫಾಸ್ಫೇಟ್ ಲವಣ ಹಾಕಿ ತಯಾರಿಸುವ ದ್ರಾವಣ ಅದು. ಗಡ್ಡೆ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು. ದ್ರಾವಣ ಗಡ್ಡೆಯ ಹತ್ತು ಪಟ್ಟಾದರೂ ಇರಬೇಕು. ಆರು ಗಂಟೆಗೆ ಕಡಿಮೆಯಿಲ್ಲದೆ, ಎಪ್ಪತ್ತೆರಡು ಗಂಟೆ ಮೀರದೆ ಅದರಲ್ಲಿ ಇರಬೇಕು. ಇವು ಜಗತ್ತಿನೆಲ್ಲೆಡೆ ಪೆಥಾಲಜಿಸ್ಟರು ಒಪ್ಪಿದ ನಿಯಮಗಳು. ಫಾರ್ಮಲಿನ್ ಮಾಂಸದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದೇ ಮಿಲಿಮೀಟರು. ಆದ್ದರಿಂದ ಇಡೀ ಸ್ತನವನ್ನು ಹಾಗೇ ಡಬ್ಬಿಗೆ ಹಾಕಿದರೆ ಸಾಲದು. ಸರಿಯಾದ ಕಡೆ ಸೀಳಿ ಒಳಗೂ ದ್ರಾವಣ ಹೋಗುವಂತೆ ಮಾಡಬೇಕು. ದೊಡ್ಡ ಮಾವಿನಕಾಯಿಯನ್ನು ಹೋಳು ಮಾಡದೆ ಉಪ್ಪಿನಲ್ಲಿ ಹುಗಿದರೆ ಮೇಲೆ ಉಪ್ಪಾಗಿ ಒಳಗೆ ಕೊಳೆಯುತ್ತದಲ್ಲ, ಹಾಗೆಯೇ ಇದು.

ಲ್ಯಾಬಿಗೆ ಬಂದ ಮೇಲೆ ಹೋಳುಗಳ ನೀರಿನಂಶ ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿಸಿ, ತಣಿಸುತ್ತೇವೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಮೇಣದ ತುಂಡನ್ನೇ ಬ್ಲಾಕ್ ಎನ್ನುವುದು. ಮೈಕ್ರೊಟೋಮ್ ಎಂಬ ಯಂತ್ರದಲ್ಲಿ ಅದನ್ನು 3–4 ಮೈಕ್ರಾನ್ ದಪ್ಪಕ್ಕೆ, ಅಂದರೆ ಒಂದು ಮಿಲಿಮೀಟರನ್ನು ಮುನ್ನೂರು ಪಾಲು ಮಾಡಿದರೆ ಬರುವಷ್ಟು ತೆಳ್ಳಗೆ ಸೀಳಬೇಕು. ಉಗುರುಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು ಸುಕ್ಕು ಹೋದ ಮೇಲೆ ಸ್ಲೈಡಿಗೆ ಎತ್ತಿಕೊಳ್ಳಬೇಕು. ಮೇಣವನ್ನು ಜೈಲಿನ್‌ನಲ್ಲಿ ಕರಗಿಸಿ ತೆಗೆದ ಮೇಲೆ ಪ್ರೆಶರ್ ಕುಕ್ಕರಿನ ಕೆಲಸ. ಹೌದು, ಅಡುಗೆಮನೆಯ ಕುಕ್ಕರೇ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬಿಗಿದು ಮುಚ್ಚಿಬಿಟ್ಟಿರುತ್ತದೆ. ಸಿಟ್ರೇಟ್ ದ್ರಾವಣದಲ್ಲಿ ಕುದಿಸಿದರೆ ಅವು ಮತ್ತೆ ತೆರೆದುಕೊಳ್ಳುತ್ತವೆ. ಆಮೇಲೆ ಇಆರ್‌ಗೆ ಮಾತ್ರ ಅಂಟುವ ಆಂಟಿಬಾಡಿ ಹನಿಸುತ್ತೇವೆ. ಕೊನೆಗೆ ಹಾಕುವ ಬಣ್ಣದಿಂದ, ಆಂಟಿಬಾಡಿ ಎಲ್ಲೆಲ್ಲಿ ಅಂಟಿದೆಯೋ ಅಲ್ಲೆಲ್ಲ ಕಂದು ಮೂಡುತ್ತದೆ. ಉಳಿದದ್ದು ನೀಲಿ.

ಒಂದು ಉತ್ತರಾಯಣದ ಸಮಯ. ಗುಜರಾತಿನಲ್ಲಿ ಜನವರಿ 14ಕ್ಕೆ ಗಾಳಿಪಟ, 15ಕ್ಕೆ ವಾಸಿ ಉತ್ತರಾಯಣ ಎಂದು ಮತ್ತೆ ಗಾಳಿಪಟ. ಎರಡೂ ದಿನ ಊರಿಗೆ ಊರೇ ಮಾಳಿಗೆಯ ಮೇಲೆ ಇರುತ್ತದೆ. ಹಬ್ಬದ ಹಿಂದಿನ ದಿನ ಜಿಲ್ಲೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಒಬ್ಬ ತಾಯಿಯ ಸ್ತನ ತೆಗೆದಿದ್ದರು. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ ಬರಣಿ ನಮ್ಮ ಲ್ಯಾಬಿಗೆ ಬಂತು. ಸೀಳಿರಲಿಲ್ಲ. ಬರಣಿಯ ಕಂಠ ಇಕ್ಕಟ್ಟು, ಸ್ತನವನ್ನು ಒತ್ತಿ ತುಂಬಿದ್ದರು; ಫಾರ್ಮಲಿನ್ ಅರ್ಧಕ್ಕೂ ಇರಲಿಲ್ಲ. ಮುಚ್ಚಳ ತೆಗೆದಾಗಲೇ ವಾಸನೆ ಹೇಳಿತು. ಕೊಯ್ದು ನೋಡಿದರೆ ಗಡ್ಡೆಯ ನಡುವಿನ ಭಾಗ ಮೆತ್ತಗಾಗಿತ್ತು.

ನಾಲ್ಕೂ ಪ್ರೋಟೀನಿಗೆ ಬಣ್ಣ ಹಾಕಿದೆ. ಇಆರ್ ಇಲ್ಲ, ಪಿಆರ್ ಇಲ್ಲ, ಹರ್-2 ಇಲ್ಲ. ಟ್ರಿಪಲ್ ನೆಗೆಟಿವ್ ಎಂದು ಬರೆದು ಮುಗಿಸಬಹುದಿತ್ತು. ನಮ್ಮ ಪೆಥಾಲಜಿಸ್ಟ್ ಮೇಡಂ ಸೂಕ್ಷ್ಮದರ್ಶಕದಿಂದ ತಲೆಯೆತ್ತದೆ ಗಡ್ಡೆಯ ಪಕ್ಕದಲ್ಲಿ ಉಳಿದಿದ್ದ ಆರೋಗ್ಯವಂತ ಹಾಲಿನ ನಾಳಗಳನ್ನು ಹುಡುಕಿದರು. ರೋಗವಿಲ್ಲದ ನಾಳದ ಕೋಶಗಳಲ್ಲಿ ಸ್ವಲ್ಪವಾದರೂ ಇಆರ್ ಸಹಜವಾಗಿಯೇ ಇರುತ್ತದೆ. ಅಲ್ಲಿ ಕಂದು ಕಾಣಲೇಬೇಕು. ಅಲ್ಲೂ ಬರೀ ನೀಲಿ. ಗಡ್ಡೆಯಲ್ಲಿ ಪ್ರೋಟೀನು ಇಲ್ಲವೆಂದಲ್ಲ, ಇಡೀ ಮಾದರಿಯೇ ಸತ್ತುಹೋಗಿದೆ ಎಂದು ಅದರಿಂದ ತಿಳಿಯಿತು. ಮೇಡಂ ರಿಪೋರ್ಟ್ ತಡೆದರು. ಆಪರೇಷನ್ನಿಗೆ ಮುಂಚೆ ಅಹಮದಾಬಾದಿನ ಒಂದು ಲ್ಯಾಬಿನಲ್ಲಿ ಸೂಜಿಯಿಂದ ಬಯಾಪ್ಸಿ ತೆಗೆದಿದ್ದರೆಂದು ಗೊತ್ತಾಯಿತು. ಆ ತಾಯಿಯ ಮಗ ಹೋಗಿ ಆ ಬ್ಲಾಕ್ ತಂದುಕೊಟ್ಟ. ಕಡ್ಡಿಯಷ್ಟು ಸಣ್ಣ ತುಣುಕು ಅದು, ತೆಗೆದ ತಕ್ಷಣ ಫಾರ್ಮಲಿನ್‌ಗೆ ಬಿದ್ದದ್ದು. ಅದನ್ನು ಸೀಳಿ ಬಣ್ಣ ಹಾಕಿದರೆ ಕೋಶಕೋಶವೂ ಕಂದು. ಇಆರ್ ಗಟ್ಟಿ ಪಾಸಿಟಿವ್.

ಆ ದಿನ ಮೇಡಂ ಪಕ್ಕದ ನಾಳವನ್ನು ನೋಡದೆ ಹೋಗಿದ್ದರೆ ಆ ತಾಯಿಗೆ ಗುಳಿಗೆ ಸಿಗುತ್ತಿರಲಿಲ್ಲ.

ಇದು ಒಂದು ಬರಣಿಯ ಕತೆಯಲ್ಲ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಪೆಥಾಲಜಿಸ್ಟರು 2000ದಲ್ಲಿ 798 ಗಡ್ಡೆಗಳ ವರದಿ ಪ್ರಕಟಿಸಿದಾಗ ಇಆರ್ ಪಾಸಿಟಿವ್ ಬಂದದ್ದು ಮೂರನೇ ಒಂದು ಪಾಲಿಗೆ ಮಾತ್ರ. ಅದೇ ಆಸ್ಪತ್ರೆಯಿಂದ 2009ರಲ್ಲಿ ಬಂದ ವರದಿಯಲ್ಲಿ ಹಾರ್ಮೋನು ಗ್ರಾಹಿಗಳು ಅರ್ಧಕ್ಕಿಂತ ಹೆಚ್ಚು ಗಡ್ಡೆಗಳಲ್ಲಿ ಕಂಡವು. ಹತ್ತು ವರ್ಷದಲ್ಲಿ ನಮ್ಮ ಹೆಂಗಸರ ಗಡ್ಡೆಗಳ ಗುಣವೇ ಬದಲಾಯಿತೇ? ಮಾದರಿ ಕಾಪಾಡುವ ಕ್ರಮ, ಕುದಿಸುವ ಕ್ರಮ, ಆಂಟಿಬಾಡಿ ಸುಧಾರಿಸಿದ್ದಕ್ಕೆ ಇದರಲ್ಲಿ ದೊಡ್ಡ ಪಾಲಿದೆ ಎಂದು ಲ್ಯಾಬಿನಲ್ಲಿ ಕೆಲಸ ಮಾಡಿದ ಯಾರಾದರೂ ಹೇಳುತ್ತಾರೆ. ಭಾರತದಲ್ಲಿ ಟ್ರಿಪಲ್ ನೆಗೆಟಿವ್ ಗಡ್ಡೆಗಳು ಪಶ್ಚಿಮದ ದೇಶಗಳಿಗಿಂತ ಹೆಚ್ಚು ಎಂಬುದು ನಿಜ. ನಮ್ಮಲ್ಲಿ ರೋಗಿಗಳ ವಯಸ್ಸು ಕಡಿಮೆ ಎಂಬುದೂ ಅದಕ್ಕೆ ಒಂದು ಕಾರಣ. ಆದರೆ ಆ ಎಣಿಕೆಯೊಳಗೆ ಕೆಟ್ಟ ಬರಣಿಗಳೂ ಎಷ್ಟೋ ಸೇರಿವೆ ಎಂದು ನಾನು ನಂಬುತ್ತೇನೆ. 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ, ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜು. ಇಷ್ಟು ಜನರಲ್ಲಿ ನೂರಕ್ಕೆ ಕೆಲವರ ಪರೀಕ್ಷೆ ತಪ್ಪಿದರೂ ಸಾವಿರಾರು ಮನೆಗಳ ಮಾತಾಯಿತು.

ಈಗ ಬೆಂಗಳೂರಿನ ಒಂದು ಪರೀಕ್ಷೆಯ ಬಗ್ಗೆ ಹೇಳಲೇಬೇಕು.

ಇಆರ್ ಪಾಸಿಟಿವ್, ಹರ್-2 ನೆಗೆಟಿವ್, ಗಡ್ಡೆ ಸಣ್ಣದು: ಇಂಥ ಹೆಂಗಸಿಗೆ ಗುಳಿಗೆ ಒಂದೇ ಸಾಕೇ, ಕೀಮೋ ಕೂಡ ಬೇಕೇ? ಕೂದಲು ಉದುರುವುದು, ವಾಂತಿ, ಸೋಂಕು, ತಿಂಗಳುಗಟ್ಟಲೆ ದುಡಿಮೆ ನಿಲ್ಲುವುದು. ಕೀಮೋ ಬೇಡವೆಂದರೆ ಇಷ್ಟೂ ತಪ್ಪುತ್ತದೆ. ಇದಕ್ಕೆ ಅಮೆರಿಕದಲ್ಲಿ ಆಂಕೊಟೈಪ್ ಎಂಬ ಪರೀಕ್ಷೆ ಬಂತು. ಅದು ಗಡ್ಡೆಯ 21 ಜೀನ್‌ಗಳ ಚಟುವಟಿಕೆ ಅಳೆಯುತ್ತದೆ. 2018ರಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದ್ದ ಟೈಲರ್‌ಎಕ್ಸ್ ಪ್ರಯೋಗದಿಂದ, ಕಂಕುಳಿಗೆ ರೋಗ ಹಬ್ಬದೆ ನಡುವಿನ ಸ್ಕೋರ್ ಬಂದ ಐವತ್ತು ದಾಟಿದವರಿಗೆ ಕೀಮೋದಿಂದ ಹೆಚ್ಚಿನ ಲಾಭವಿಲ್ಲ ಎಂದು ಸ್ಪಷ್ಟವಾಯಿತು. ಆದರೆ ನಮ್ಮವರು ಬ್ಲಾಕನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಬೇಕಿತ್ತು, ಖರ್ಚು ಲಕ್ಷಗಳಲ್ಲಿ. ಟೌನ್‌ಶಿಪ್‌ನಲ್ಲಿ ಕಂಪನಿಯ ವೈದ್ಯಕೀಯ ಸೌಲಭ್ಯವಿದ್ದ ಮನೆಗಳೂ ಹಿಂದೆ ಮುಂದೆ ನೋಡುತ್ತಿದ್ದವು. ಕೊಯಾಲಿ ಹಳ್ಳಿಯ ಮನೆಗಳ ಮಾತು ಬೇರೆಯೇ.

ಡಾ. ಮಂಜಿರಿ ಬಾಕ್ರೆ 2011ರಲ್ಲಿ ಬೆಂಗಳೂರಿನಲ್ಲಿ ಆಂಕೊಸ್ಟೆಮ್ ಡಯಾಗ್ನೊಸ್ಟಿಕ್ಸ್ ಎಂಬ ಸಂಸ್ಥೆ ಕಟ್ಟಿದರು. ಅವರು ತಯಾರಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆ ಜೀನ್‌ಗಳ ಬದಲು ಪ್ರೋಟೀನುಗಳನ್ನು ನೋಡುತ್ತದೆ. ನಾವು ಲ್ಯಾಬಿನಲ್ಲಿ ಮಾಡುವ ಅದೇ ಕಂದು ಬಣ್ಣದ ವಿಧಾನ, ಅದೇ ಬ್ಲಾಕ್. ಐದು ಪ್ರೋಟೀನು: ಸಿಡಿ44, ಎಬಿಸಿಸಿ4, ಎಬಿಸಿಸಿ11, ಎನ್-ಕ್ಯಾಡ್‌ಹೆರಿನ್, ಪ್ಯಾನ್-ಕ್ಯಾಡ್‌ಹೆರಿನ್. ಹೆಸರು ನೋಡಿ ಹೆದರಬೇಕಿಲ್ಲ. ಸಿಡಿ44 ಮತ್ತು ಕ್ಯಾಡ್‌ಹೆರಿನ್‌ಗಳು ಕೋಶಗಳು ಒಂದಕ್ಕೊಂದು, ಸುತ್ತಲಿನದಕ್ಕೆ ಅಂಟಿಕೊಂಡು ಇರುವುದಕ್ಕೆ ಸಂಬಂಧಪಟ್ಟವು. ಆ ಅಂಟು ಬದಲಾದರೆ ಕ್ಯಾನ್ಸರ್ ಕೋಶ ಕಿತ್ತುಕೊಂಡು ಬೇರೆ ಅಂಗಕ್ಕೆ ಹೋಗುವುದು ಸುಲಭ. ಎಬಿಸಿಸಿ ಎಂಬ ಎರಡು ಪ್ರೋಟೀನುಗಳು ಕೋಶದ ಒಳಗೆ ಬಂದ ವಸ್ತುಗಳನ್ನು, ಔಷಧವನ್ನೂ ಕೂಡ, ಹೊರಕ್ಕೆ ನೂಕುವಂಥವು. ಹಬ್ಬುವ ಗುಣ, ಔಷಧಕ್ಕೆ ಬಗ್ಗದ ಗುಣ, ಎರಡನ್ನೂ ಹೀಗೆ ಹಿಡಿಯುತ್ತಾರೆ. ಇವುಗಳ ಜೊತೆಗೆ ಗಡ್ಡೆಯ ಅಳತೆ, ಗ್ರೇಡ್, ದುಗ್ಧಗ್ರಂಥಿಗಳ ಸ್ಥಿತಿ ಸೇರಿಸಿ ಕಂಪ್ಯೂಟರ್ ಲೆಕ್ಕದಿಂದ 1ರಿಂದ 100ರವರೆಗೆ ಒಂದು ಸ್ಕೋರ್ ಕೊಡುತ್ತಾರೆ. 15.5ರ ಒಳಗಿದ್ದರೆ ಐದು ವರ್ಷದಲ್ಲಿ ರೋಗ ದೂರದ ಅಂಗದಲ್ಲಿ ಮರಳುವ ಸಂಭವ ಕಡಿಮೆ, ಮೀರಿದರೆ ಹೆಚ್ಚು. ನಡುವಿನ ಅನುಮಾನದ ಗುಂಪು ಇಲ್ಲ. 2019ರಲ್ಲಿ ಎಂಟುನೂರಕ್ಕೂ ಹೆಚ್ಚು ರೋಗಿಗಳ ಹಳೆಯ ಬ್ಲಾಕುಗಳ ಮೇಲೆ ಇದನ್ನು ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಆಂಕೊಟೈಪಿಗಿಂತ ಖರ್ಚು ಬಹಳ ಕಡಿಮೆ, ಬ್ಲಾಕ್ ದೇಶ ಬಿಟ್ಟು ಹೋಗಬೇಕಿಲ್ಲ. ಮುಖ್ಯವಾಗಿ, ನಮ್ಮ ದೇಶದ ಹೆಂಗಸರ ಗಡ್ಡೆಗಳನ್ನು ನೋಡಿಯೇ ಕಟ್ಟಿದ ಲೆಕ್ಕ ಇದು.

ಹೆಮ್ಮೆಯ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಟೈಲರ್‌ಎಕ್ಸ್‌ನಲ್ಲಿ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೀಮೋ ಕೊಟ್ಟು, ಇನ್ನೊಂದಕ್ಕೆ ಕೊಡದೆ ವರ್ಷಗಟ್ಟಲೆ ಕಾದು ನೋಡಿದ್ದರು. ಕ್ಯಾನ್‌ಅಸಿಸ್ಟ್‌ಗೆ ಇರುವ ಆಧಾರ ಹೆಚ್ಚಾಗಿ ಹಳೆಯ ಬ್ಲಾಕುಗಳನ್ನು ಹಿಂತಿರುಗಿ ನೋಡಿದ್ದು. ಆದ್ದರಿಂದ ಸ್ಕೋರನ್ನು ಕ್ಯಾನ್ಸರ್ ಡಾಕ್ಟರ ಜೊತೆ ಕೂತು, ರೋಗಿಯ ವಯಸ್ಸು, ಗ್ರಂಥಿಗಳು, ಮೈಯ ಶಕ್ತಿ ಎಲ್ಲ ನೋಡಿ ತೂಗಬೇಕು. ಎಲ್ಲರಿಗೂ ಈ ಪರೀಕ್ಷೆ ಬೇಕಾಗಿಯೂ ಇಲ್ಲ. ಕಂಕುಳಲ್ಲಿ ಅನೇಕ ಗ್ರಂಥಿಗಳಿಗೆ ಹಬ್ಬಿದ್ದರೆ, ಟ್ರಿಪಲ್ ನೆಗೆಟಿವ್ ಇದ್ದರೆ, ಹರ್-2 ಪಾಸಿಟಿವ್ ಇದ್ದರೆ ಇದು ಅವರಿಗಲ್ಲ.

ಹಣವಿಲ್ಲದವರು ಎದೆಗುಂದಬೇಕಿಲ್ಲ ಎನ್ನುವುದಕ್ಕೂ ಒಂದು ಆಧಾರವಿದೆ. 2011ರಲ್ಲಿ ಲಂಡನ್ನಿನ ಜ್ಯಾಕ್ ಕುಜಿಕ್ ಮತ್ತು ಸಂಗಡಿಗರು, ಎಲ್ಲ ರಿಪೋರ್ಟಿನಲ್ಲೂ ಇರುವ ಆ ನಾಲ್ಕೇ ಪ್ರೋಟೀನುಗಳ ಅಂಕಿಗಳನ್ನು ಒಂದು ಸೂತ್ರದಲ್ಲಿ ಕೂಡಿಸಿ ನೋಡಿದರು. ಸುಮಾರು 1,100 ಹೆಂಗಸರಲ್ಲಿ, 21 ಜೀನ್‌ಗಳ ಪರೀಕ್ಷೆ ಹೇಳಿದಷ್ಟೇ ಭವಿಷ್ಯವನ್ನು ಇದೂ ಹೇಳಿತು. ಆದರೆ ಆ ನಾಲ್ಕೂ ಪರೀಕ್ಷೆಗಳು ಒಳ್ಳೆಯ ಲ್ಯಾಬಿನಲ್ಲಿ, ಒಳ್ಳೆಯ ಮಾದರಿಯ ಮೇಲೆ, ಒಂದೇ ಕ್ರಮದಲ್ಲಿ ಆಗಿದ್ದವು. ಐದು ಪ್ರೋಟೀನಿರಲಿ, ಇಪ್ಪತ್ತೊಂದು ಜೀನ್ ಇರಲಿ, ಎಲ್ಲಕ್ಕೂ ಬೇಕಾದದ್ದು ಅದೇ ಬ್ಲಾಕ್. ಅದು ಕೆಟ್ಟಿದ್ದರೆ ಬೆಂಗಳೂರಿನವರೂ ಏನೂ ಮಾಡಲಾರರು, ಕ್ಯಾಲಿಫೋರ್ನಿಯಾದವರೂ ಏನೂ ಮಾಡಲಾರರು.

ರಕ್ತದ ಪರೀಕ್ಷೆ ಬಗ್ಗೆ ಒಂದು ಮಾತು. ವಡೋದರಾದಲ್ಲಿ, ಸೂರತ್‌ನಲ್ಲಿ, ಬೆಂಗಳೂರಿನಲ್ಲಿ ಹೆಲ್ತ್ ಚೆಕಪ್ ಪ್ಯಾಕೇಜುಗಳ ಜೊತೆ ಸಿಎ 15-3 ಎಂಬ ‘ಕ್ಯಾನ್ಸರ್ ಮಾರ್ಕರ್’ ಸೇರಿಸಿ ಮಾರುತ್ತಾರೆ. ಅದೂ ಪ್ರೋಟೀನಿಗೆ ಸಂಬಂಧಪಟ್ಟದ್ದೇ. ಆದರೆ ಆರೋಗ್ಯವಾಗಿರುವ ಹೆಂಗಸಿನಲ್ಲಿ ಕ್ಯಾನ್ಸರ್ ಹುಡುಕಲು ಅದು ತಕ್ಕುದಲ್ಲ. ಆರಂಭದ ಗಡ್ಡೆಯಲ್ಲಿ ಅನೇಕರಿಗೆ ಅದು ಏರುವುದೇ ಇಲ್ಲ, ಲಿವರಿನ ತೊಂದರೆ ಇದ್ದವರಿಗೆ ಸುಮ್ಮನೆ ಏರಬಹುದು. ಹಬ್ಬಿದ ರೋಗಕ್ಕೆ ಚಿಕಿತ್ಸೆ ನಡೆಯುವಾಗ ಡಾಕ್ಟರು ನೋಡಿಕೊಳ್ಳುವುದಕ್ಕೆ ಮಾತ್ರ ಅದು. ಅದು ನಾರ್ಮಲ್ ಬಂತೆಂದು ಕೈಗೆ ಸಿಕ್ಕ ಗಂಟನ್ನು ಕಡೆಗಣಿಸಿದ ಹೆಂಗಸರನ್ನು ನಾನು ಬಲ್ಲೆ. ಆ ದುಡ್ಡನ್ನು ಮ್ಯಾಮೊಗ್ರಾಂಗೆ ಇಡಿ.

ಬ್ಲಾಕ್ ರೋಗಿಯದು ಎಂಬುದನ್ನು ನಮ್ಮ ಜನ ತಿಳಿಯಬೇಕು. ಇಲ್ಲಿನವರು ಆಪರೇಷನ್ ವಡೋದರಾದಲ್ಲಿ ಮಾಡಿಸಿ, ಚಿಕಿತ್ಸೆಗೆ ಅಹಮದಾಬಾದಿನ ಗುಜರಾತ್ ಕ್ಯಾನ್ಸರ್ ಸಂಸ್ಥೆಗೋ ಗೋರಜ್‌ನ ಆಸ್ಪತ್ರೆಗೋ ಮುಂಬೈಯ ಟಾಟಾಕ್ಕೋ ಹೋಗುತ್ತಾರೆ. ನಮ್ಮ ಕನ್ನಡದವರು ತವರಿಗೆ ಹತ್ತಿರವೆಂದು ಹುಬ್ಬಳ್ಳಿಗೆ, ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಕೈಯಲ್ಲಿ ಫೈಲು, ಎಕ್ಸ್‌ರೇ ಎಲ್ಲ ಇರುತ್ತದೆ. ಬ್ಲಾಕ್ ಮಾತ್ರ ಮೊದಲ ಲ್ಯಾಬಿನ ಕಪಾಟಿನಲ್ಲಿ ಉಳಿದಿರುತ್ತದೆ. ಬರೆದು ಕೇಳಿದರೆ ಕೊಡುತ್ತಾರೆ. ಸೀಳಿಟ್ಟ ಬರೀ ಸ್ಲೈಡುಗಳಿಗಿಂತ ಬ್ಲಾಕನ್ನೇ ಕೇಳಿ. ಸೀಳಿದ ಪದರದಲ್ಲಿ ಪ್ರೋಟೀನು ವಾರಗಳು ಕಳೆದಂತೆ ಮಂಕಾಗುತ್ತದೆ, ಬ್ಲಾಕಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಮೇಣ ಸೆಖೆಗೆ ಮೆತ್ತಗಾಗುತ್ತದೆ, ಆದ್ದರಿಂದ ಮೇ ತಿಂಗಳ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಹಾವೇರಿಯ ಹುಡುಗಿ ತನ್ನ ಬ್ಲಾಕನ್ನು ತರಿಸಿಕೊಂಡು ಬೆಂಗಳೂರಿಗೆ ಕಳಿಸಿದಳು. ಸ್ಕೋರ್ ಕಡಿಮೆ ಬಂತು. ಡಾಕ್ಟರು ಎಲ್ಲ ನೋಡಿ ಕೀಮೋ ಬೇಡ, ಗುಳಿಗೆ ಸಾಕು ಎಂದರು. ಎರಡು ವರ್ಷವಾದ ಮೇಲೆ, ಆರಾಮಾಗಿದೀನಲ್ಲ, ಗುಳಿಗೆ ಬಿಡಲೇ ಎಂದು ಕೇಳಿದಳು. ಬಿಡಬೇಡ ಎಂದು ಗದರಿಸಿದೆ. ಇಆರ್ ಪಾಸಿಟಿವ್ ರೋಗ ಐದು ವರ್ಷ ದಾಟಿದ ಮೇಲೂ, ಕೆಲವರಲ್ಲಿ ಇಪ್ಪತ್ತು ವರ್ಷದವರೆಗೂ, ಮರಳಬಲ್ಲದು.

ಗುಜರಾತ್ ಸರ್ಕಾರ 2023ರ ಜುಲೈಯಿಂದ ಆಯುಷ್ಮಾನ್–ಮಾ ಕಾರ್ಡಿನ ಮಿತಿಯನ್ನು ವರ್ಷಕ್ಕೆ 10 ಲಕ್ಷ ರೂಪಾಯಿಗೆ ಏರಿಸಿದೆ. ಕರ್ನಾಟಕದಲ್ಲೂ ಆರೋಗ್ಯ ಕರ್ನಾಟಕ ಕಾರ್ಡಿದೆ. ಚಿಕಿತ್ಸೆಗೆ ಇಷ್ಟು ಹಣ ಹರಿಯುವಾಗ, ಆ ಚಿಕಿತ್ಸೆ ಯಾವುದೆಂದು ತೀರ್ಮಾನಿಸುವ ಬರಣಿಗೆ, ಒಂದು ಲೀಟರ್ ಸರಿಯಾದ ಫಾರ್ಮಲಿನ್‌ಗೆ ಕಡಿಮೆ ಮಾಡುವುದು ಅನ್ಯಾಯ.

ನಮ್ಮ ಲ್ಯಾಬಿನ ಫಾರಂನಲ್ಲಿ ಮೇಡಂ ಎರಡು ಗೆರೆ ಸೇರಿಸಿದ್ದರು. ಗಡ್ಡೆ ಹೊರತೆಗೆದ ಹೊತ್ತು ಒಂದರಲ್ಲಿ, ಫಾರ್ಮಲಿನ್‌ಗೆ ಹಾಕಿದ ಹೊತ್ತು ಇನ್ನೊಂದರಲ್ಲಿ. ನಾನು ನಿವೃತ್ತಳಾಗುವವರೆಗೂ ಅರ್ಧಕ್ಕರ್ಧ ಫಾರಂಗಳಲ್ಲಿ ಆ ಗೆರೆಗಳು ಖಾಲಿಯೇ ಬರುತ್ತಿದ್ದವು. ಥಿಯೇಟರಿನಲ್ಲಿ ಕೆಲಸ ಮಾಡುವ ಸಿಸ್ಟರುಗಳಲ್ಲಿ, ವಾರ್ಡ್ ಬಾಯ್‌ಗಳಲ್ಲಿ ನನ್ನ ವಿನಂತಿ: ದಯವಿಟ್ಟು ಅವನ್ನು ತುಂಬಿ. ಆಪರೇಷನ್ನಿಗೆ ಕರೆದೊಯ್ಯುವ ಗಂಡಂದಿರು, ಮಕ್ಕಳು, ಸೊಸೆಯಂದಿರು ಥಿಯೇಟರಿನ ಬಾಗಿಲಲ್ಲಿ ನಿಂತು ಒಂದೇ ಒಂದು ಮಾತು ಕೇಳಿ: “ಗಡ್ಡೆಯನ್ನು ಎಷ್ಟು ಹೊತ್ತಿಗೆ ಫಾರ್ಮಲಿನ್‌ಗೆ ಹಾಕಿದಿರಿ?”